ಕೃಷ್ಣವಿವರದ ನಾದ

ಕುದೂರಿನಂಥ ಊರಿನಲ್ಲಿ ದೇಗುಲದ ಗಂಟೆಯನ್ನು ಕಣ್ಣಿನಿಂದ ಕಾಣದವನೂ ಅದು ದೊಡ್ಡದೋ ಚಿಕ್ಕದೋ, ಬಿರುಕುಬಿಟ್ಟದ್ದೋ ಎಂಬುದನ್ನು ಧ್ವನಿಯಿಂದಲೇ ಹೇಳಬಲ್ಲನು. ಜೋರಾಗಿ ಬಡಿದರೆ ಸದ್ದು ಹೆಚ್ಚೀತು, ಸ್ವರ ಬದಲಾಗದು. ಬೆಳಕನ್ನೂ ಹೊರಬಿಡದ ಕೃಷ್ಣವಿವರಕ್ಕೂ ಇಂಥದೊಂದು ಸ್ವರವುಂಟೆಂದು ಮೊದಲು ಕಂಡವರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ (೧೯೩೮–೨೦೧೭) ಅವರು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಅವರು ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ತೊಡಗಿದಾಗ ಎದುರಿಗಿದ್ದ ಪ್ರಶ್ನೆ ಸರಳವಾದುದು, ಆದರೆ ನಿರ್ದಾಕ್ಷಿಣ್ಯವಾದುದು. ಐನ್‌ಸ್ಟೈನರ ಸಮೀಕರಣಗಳಿಗೆ ಶ್ವಾರ್ಟ್ಸ್‌ಚೈಲ್ಡ್ ೧೯೧೬ರಲ್ಲಿ ಕೊಟ್ಟ ಪರಿಹಾರವು ಸ್ಥಿರವೇ? ಅತ್ಯಲ್ಪ ಕ್ಷೋಭೆಯೂ ಬೆಳೆಯುತ್ತ ಹೋಗುವುದಾದರೆ ಅಂಥ ವಸ್ತು ನಿಸರ್ಗದಲ್ಲಿ ಉಳಿಯಲಾರದು. ಗಣಿತವೆಲ್ಲ ಕಾಗದದ ಮೇಲೆಯೇ ನಿಂತೀತು. ೧೯೫೭ರಲ್ಲಿ ರೆಜಿ ಮತ್ತು ವೀಲರ್ ಆರಂಭಿಸಿದ ಈ ವಿಚಾರವನ್ನು ವಿಶ್ವೇಶ್ವರರು ಮುಂದುವರಿಸಿ, ಇಂಥ ಕ್ಷೋಭೆಗಳು ಬೆಳೆಯಲಾರವೆಂದು ೧೯೭೦ರಲ್ಲಿ ತೋರಿಸಿದರು.

ಇದ್ದರೆ ಕಾಣುವುದು ಹೇಗೆ? ಅದರ ಮೇಲೆ ಗುರುತ್ವತರಂಗವನ್ನು ಹಾಯಿಸಿ, ಚದುರಿ ಬಂದುದನ್ನು ಪರೀಕ್ಷಿಸುವುದು ಅವರ ಉಪಾಯ. ಲೆಕ್ಕದಲ್ಲಿ ಅಗಲವಾದ ಅಲೆಗಳು ಯಾವ ಗುರುತನ್ನೂ ತರಲಿಲ್ಲ. ಅಲೆಯ ಅಗಲವನ್ನು ಕೃಷ್ಣವಿವರದ ಗಾತ್ರದಷ್ಟಕ್ಕೆ ಕುಗ್ಗಿಸಿದಾಗ, ಹಿಂದಿರುಗಿದ ಅಲೆಯ ಬಾಲದಲ್ಲಿ ಬೇಗಬೇಗನೆ ಅಡಗುವ ಕಂಪನವೊಂದು ಕಾಣಿಸಿತು. ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಲೋಹವಿಲ್ಲದ, ಗಟ್ಟಿಯಾದ ಮೇಲ್ಮೈಯೂ ಇಲ್ಲದ ಈ ವಸ್ತುವಿನಲ್ಲಿ ಕಂಪಿಸುವುದಾದರೂ ಏನು? ಅದರ ಸುತ್ತಲಿನ ವಕ್ರವಾದ ದೇಶಕಾಲವೇ. ಕೃಷ್ಣವಿವರದ ತ್ರಿಜ್ಯದ ಒಂದೂವರೆಪಟ್ಟು ದೂರದಲ್ಲಿ ಬೆಳಕು ಕೂಡ ವೃತ್ತಾಕಾರವಾಗಿ ಸುತ್ತಬಲ್ಲದು. ಅಲ್ಲಿ ಸುತ್ತುವ ತರಂಗವು ಒಳಕ್ಕೂ ಹೊರಕ್ಕೂ ಸೋರಿಹೋಗುತ್ತದೆ. ಆದುದರಿಂದ ನಾದ ನಿಲ್ಲದು. ಸೂರ್ಯನ ಹತ್ತರಷ್ಟು ದ್ರವ್ಯರಾಶಿಯ, ತಿರುಗದ ಕೃಷ್ಣವಿವರದ ಮೂಲಸ್ವರವು ಸೆಕೆಂಡಿಗೆ ಸುಮಾರು ೧೨೦೦ ಕಂಪನಗಳದು. ಒಂದು ಕಂಪನ ಮುಗಿಯುವುದರೊಳಗೇ ಅದರ ಬಲ ಮೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿದಿರುತ್ತದೆ. ಇದನ್ನು ಗಂಟೆಯೆಂದರೆ ಕಂಚುಗಾರನು ನಕ್ಕಾನು! ದ್ರವ್ಯರಾಶಿ ಹೆಚ್ಚಿದಷ್ಟೂ ಸ್ವರ ತಗ್ಗುತ್ತದೆ.

೨೦೧೫ರ ಸೆಪ್ಟೆಂಬರ್ ೧೪ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕೃಷ್ಣವಿವರಗಳ ಸಂಗಮವನ್ನು ಗ್ರಹಿಸಿದವು. ಸಂಗಮಾನಂತರದ ನಾದ ಕ್ಷೀಣವಾಗಿತ್ತು. ಅದರಲ್ಲಿ ಎರಡನೆಯ ಸ್ವರವೂ ಇದೆಯೆಂದು ೨೦೧೯ರಲ್ಲಿ ಕೆಲವರು ಸಾರಿದರು. ಅದು ಉಪಕರಣದ ಗದ್ದಲವಿರಬಹುದೆಂದು ಬೇರೆಯವರು ಆಕ್ಷೇಪಿಸಿದರು. ವಿವಾದ ಕ್ಷುಲ್ಲಕವಲ್ಲ. ತಿರುಗುವ ಕೃಷ್ಣವಿವರಕ್ಕೆ ೧೯೬೩ರಲ್ಲಿ ಕೆರ್ ಕೊಟ್ಟ ಪರಿಹಾರದಲ್ಲಿ ದ್ರವ್ಯರಾಶಿ ಮತ್ತು ಭ್ರಮಣ ಎರಡೇ ಗುಣಗಳು. ಒಂದು ಸ್ವರದ ಆವೃತ್ತಿಯೂ ಅಡಗುವ ವೇಗವೂ ತಿಳಿದರೆ ಇವೆರಡೂ ದೊರೆತಂತೆಯೇ. ಅಲ್ಲಿಂದ ಮುಂದೆ ಎರಡನೆಯ ಸ್ವರಕ್ಕೆ ಸ್ವಾತಂತ್ರ್ಯವಿಲ್ಲ. ಅದು ತಪ್ಪಿದರೆ, ಸಿದ್ಧಾಂತ ತಪ್ಪು, ಇಲ್ಲವೆ ನಾವು ಕೇಳಿದ್ದು ಕೃಷ್ಣವಿವರವನ್ನಲ್ಲ. ೨೦೨೫ರ ಜನವರಿ ೧೪ರಂದು ಬಂದ, ಬಹು ಸ್ಪಷ್ಟವಾದ ಇನ್ನೊಂದು ಸಂಕೇತದಲ್ಲಿ ಎರಡು ಸ್ವರಗಳು ದೊರೆತು, ಅಳತೆಯ ಮಿತಿಯೊಳಗೆ ಕೆರ್ ಪರಿಹಾರಕ್ಕೆ ಹೊಂದಿಕೊಂಡವು.

ಕುದೂರಿನಿಂದ ಬಹು ದೂರವಲ್ಲದ ಹೆಸರಘಟ್ಟದ ಬಳಿಯ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದಲ್ಲಿ ಗುರುತ್ವತರಂಗಗಳ ಅಧ್ಯಯನ ನಡೆಯುತ್ತಿದೆ. ಶುದ್ಧ ಗಣಿತದ ಕಡೆಯಿಂದ ನೋಡಿದರೆ, ಮಂದವಾಗಿ ತಿರುಗುವ ಕೃಷ್ಣವಿವರದ ಪೂರ್ಣ ಸ್ಥಿರತೆಗೆ ೨೦೨೨ರಲ್ಲಿ ಕ್ಲೈನರ್‌ಮನ್ ಮತ್ತು ಅವರ ಸಂಗಡಿಗರು ಸಾವಿರಾರು ಪುಟಗಳ ಸಾಧನೆಯನ್ನು ಮುಂದಿಟ್ಟರು. ಅತಿವೇಗವಾಗಿ ತಿರುಗುವವುಗಳ ವಿಷಯದಲ್ಲಿ ಆ ಕಾರ್ಯ ಇನ್ನೂ ಬಾಕಿಯಿದೆ.