ನಾಲೆಯ ನೀರು, ತಂತಿಯ ಮಾತು

ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಭದ್ರಾ ಬಲದಂಡೆ ನಾಲೆ ಕವಲೊಡೆಯುವ ಎಡೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಮನದಟ್ಟಾಗುತ್ತದೆ: ಕವಲಿಗೆ ಹರಿದಷ್ಟು ನೀರು ಮೂಲ ನಾಲೆಯಲ್ಲಿ ಕಡಿಮೆಯಾಗುತ್ತದೆ. ಬೇಸಿಗೆ ಬೆಳೆಯ ಕಾಲದಲ್ಲಿ ಮಲೇಬೆನ್ನೂರಿನ ಕಡೆಯ ಕೊನೆಯಂಚಿನ ರೈತರು ಏಕೆ ಧರಣಿ ಕೂಡುತ್ತಾರೆಂಬುದನ್ನು ಈ ಸೀಮೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಭದ್ರಾ ಮೇಲ್ದಂಡೆಯ ನೀರಿಗಾಗಿ ಬಹುಕಾಲ ಕಾದ ಜಗಳೂರಿನವರಿಗಂತೂ ಹೇಳುವುದೇ ಬೇಡ.

ನಾಲೆಯ ಮಾತನ್ನು ಎತ್ತಿದ್ದು ಇನ್ನೊಂದು ಬಗೆಯ ಹರಿವನ್ನು ಕುರಿತು ಹೇಳುವುದಕ್ಕಾಗಿ. ದಾವಣಗೆರೆಯಲ್ಲಿ ಒಬ್ಬ ಅಧ್ಯಾಪಕರು ಪಾಠ ಹೇಳುತ್ತಿದ್ದಾರೆ. ಅದನ್ನು ಅದೇ ಗಳಿಗೆಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವಿದ್ಯಾರ್ಥಿಗಳು ತಂತಿಯ ಮೂಲಕ ಕೇಳಬೇಕು ಎಂದು ಊಹಿಸಿಕೊಳ್ಳೋಣ. ನ್ಯಾಮತಿಗೆ ಹೋಗುವ ತಂತಿ ಹೊನ್ನಾಳಿಯನ್ನು ಹಾಯ್ದೇ ಹೋಗುತ್ತದೆಂದೂ ಇಟ್ಟುಕೊಳ್ಳೋಣ. ಇದಕ್ಕೆ ಮೂರು ದಾರಿಗಳುಂಟು. ಒಂದು, ಪ್ರತಿ ಮನೆಗೂ ಬೇರೆ ಬೇರೆ ಕೊಡದಲ್ಲಿ ನೀರು ಹೊತ್ತಂತೆ ಪ್ರತಿ ಕೇಳುಗನಿಗೂ ಬೇರೆ ಪ್ರತಿಯನ್ನು ಕಳಿಸುವುದು. ಆಗ ಹೊನ್ನಾಳಿಯ ತಂತಿ ಒಂದೇ ಮಾತನ್ನು ನೂರಾರು ಸಲ ಹೊರಬೇಕಾಗುತ್ತದೆ. ಇನ್ನೊಂದು, ಮಳೆಯಂತೆ ಎಲ್ಲೆಡೆಯೂ ಸುರಿಸುವುದು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಹಾಗೆ ಸುರಿಸಿತು. ಕೇಳುವವರಿಲ್ಲದ ಗುಡ್ಡದ ಮೇಲೂ ಅದು ಸುರಿಯಿತು. ಮೂರನೆಯದು ನಾಲೆಯ ದಾರಿ. ಮಾತು ಒಂದೇ ಪ್ರತಿಯಾಗಿ ಹೊರಟು, ದಾರಿ ಕವಲೊಡೆಯುವಲ್ಲಿ ಮಾತ್ರ ಎರಡಾಗುತ್ತದೆ. ಇದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಕವಲಿನಲ್ಲಿ ಕುಳಿತ ನೀರಗಂಟಿ ರೌಟರ್ ಎಂಬ ಯಂತ್ರ.

ಸ್ಟ್ಯಾನ್‌ಫರ್ಡಿನಲ್ಲಿದ್ದ ಸ್ಟೀವ್ ಡೀರಿಂಗ್ ಈ ಏರ್ಪಾಡಿನ ನಿಯಮಗಳನ್ನು 1989ರಲ್ಲಿ ಪ್ರಕಟಿಸಿದರು. 1992ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋ ನಗರದ ಒಂದು ಸಭೆಯ ಧ್ವನಿಯನ್ನು ಈ ರೀತಿಯಲ್ಲಿ ಇಪ್ಪತ್ತು ದೂರದ ತಾಣಗಳಿಗೆ ಮುಟ್ಟಿಸಲಾಯಿತು. ಇದರಲ್ಲಿ ವಿಳಾಸವೆಂಬುದು ಯಾರ ಮನೆಯದೂ ಅಲ್ಲ, ಒಂದು ಗುಂಪಿನದು. 224ರಿಂದ 239ರವರೆಗಿನ ಅಂಕಿಗಳಿಂದ ಆರಂಭವಾಗುವ ವಿಳಾಸಗಳನ್ನು ಅದಕ್ಕೆಂದೇ ಮೀಸಲಿಟ್ಟಿದ್ದಾರೆ. ಬೇಕೆನ್ನುವವರು ತಮ್ಮ ಸಮೀಪದ ರೌಟರಿಗೆ ಹೇಳಿಕೊಳ್ಳುತ್ತಾರೆ. ಅದು ತನ್ನ ಮೇಲಿನದಕ್ಕೆ ಹೇಳುತ್ತದೆ. ಯಾರೂ ಕೇಳದ ಕಡೆಗೆ ತೂಬು ತೆರೆಯುವುದಿಲ್ಲ.

ಆದರೆ ಹೋಲಿಕೆ ಇಲ್ಲಿಗೇ ಮುರಿಯುತ್ತದೆ, ಮುರಿಯುವುದೇ ಸ್ವಾರಸ್ಯ. ನೀರು ಹಂಚಿದರೆ ತಗ್ಗುತ್ತದೆ, ಮಾತು ಹಂಚಿದರೆ ತಗ್ಗುವುದಿಲ್ಲ. ಚನ್ನಗಿರಿಗೆ ಒಂದು ಪ್ರತಿ ಹೋದುದರಿಂದ ಜಗಳೂರಿನ ಪಾಲು ಒಂದಕ್ಷರವೂ ಕಡಿಮೆಯಾಗದು. ಅಪಾಯವಿರುವುದು ಇದಕ್ಕೆ ತಿರುಗುಮುರುಗಾಗಿ. ದಾರಿ ಎಲ್ಲಿಯಾದರೂ ಸುತ್ತುಗಟ್ಟಿದರೆ ಪ್ರತಿಗಳು ಪ್ರತಿಗಳನ್ನು ಹಡೆಯುತ್ತಾ ತಂತಿಯನ್ನೇ ಮುಳುಗಿಸಿಬಿಡುತ್ತವೆ. ಆದ್ದರಿಂದ ಪ್ರತಿ ರೌಟರೂ ಬಂದ ಮಾತನ್ನು ಪರೀಕ್ಷಿಸುತ್ತದೆ: ಇದನ್ನು ಆಡಿದವರ ಬಳಿಗೆ ನಾನು ಹಿಂದಿರುಗಿ ಹೋಗುವುದಾದರೆ ಇದೇ ದಾರಿಯಿಂದ ಹೋಗುತ್ತಿದ್ದೆನೇ? ಅಲ್ಲವಾದರೆ ಅದನ್ನು ಅಲ್ಲಿಯೇ ಬಿಸಾಡುತ್ತದೆ.

ಇಷ್ಟಾದ ಮೇಲೆ, ತಂತಿಯ ಲೋಕದಲ್ಲಿ ಕೊರತೆಯೇ ಇಲ್ಲವೆಂದು ಯಾರಾದರೂ ತಿಳಿದರೆ ತಪ್ಪಾದೀತು. ಮಾತಿಗೆ ಕೊರತೆಯಿಲ್ಲ, ನಾಲೆಯ ಅಗಲಕ್ಕೆ ಕೊರತೆಯಿದೆ. ಮಾತು ಪ್ಯಾಕೆಟ್ಟುಗಳೆಂಬ ಸಣ್ಣ ತುಂಡುಗಳಾಗಿ ಬರುತ್ತದೆ. ಹೊರಡುವ ಪ್ರತಿ ತಂತಿಯ ಬಾಗಿಲಲ್ಲಿಯೂ ಅವು ಸಾಲುಗಟ್ಟಿ ನಿಲ್ಲಬೇಕು. ಸಾಲಿನ ಉದ್ದಕ್ಕೆ ಮಿತಿಯಿದೆ. ತುಂಬಿದ ಮೇಲೆ ಬಂದದ್ದು ಬಿದ್ದುಹೋಗುತ್ತದೆ. ಈಗ ದಾವಣಗೆರೆಯ ರೌಟರಿನ ಪೇಚನ್ನು ನೋಡಿ. ಚನ್ನಗಿರಿಯ ತಂತಿ ಖಾಲಿಯಿದೆ, ಜಗಳೂರಿನದು ಕಿಕ್ಕಿರಿದಿದೆ. ಎಲ್ಲ ಬಾಗಿಲುಗಳೂ ತೆರೆಯುವವರೆಗೆ ಕಾಯುವುದಾದರೆ ಜಗಳೂರಿನ ಇಕ್ಕಟ್ಟು ಚನ್ನಗಿರಿಗೂ ಶಿಕ್ಷೆಯಾಗುತ್ತದೆ. ಹಿಂದೆ ನಿಂತ ಪ್ಯಾಕೆಟ್ಟುಗಳೂ ವೃಥಾ ಕಾಯುತ್ತವೆ. ಜಾಣ ರೌಟರು ಪ್ಯಾಕೆಟ್ಟಿನ ಒಂದೇ ಪ್ರತಿಯನ್ನು ಉಗ್ರಾಣದಲ್ಲಿಟ್ಟು, ಮೂರು ಬಾಗಿಲುಗಳ ಸಾಲಿನಲ್ಲಿಯೂ ಒಂದೊಂದು ಚೀಟಿಯನ್ನಷ್ಟೇ ನಿಲ್ಲಿಸುತ್ತದೆ. ಯಾರ ಸರದಿ ಬಂದರೆ ಅವರಿಗೆ ಕೊಡುತ್ತದೆ. ಕಡೆಯ ಚೀಟಿ ಹರಿದ ಮೇಲೆ ಉಗ್ರಾಣದ ಪ್ರತಿಯನ್ನು ಅಳಿಸುತ್ತದೆ.

ಅದೇ ಸಾಲಿನಲ್ಲಿ ಬೇರೆಯವರೂ ಇದ್ದಾರೆ. ಪಹಣಿಗಾಗಿ ಬಂದ ಕೋರಿಕೆ, ಬ್ಯಾಂಕಿನ ಲೆಕ್ಕ, ಯಾರದೋ ಪತ್ರ. ಇವು ಬಹುಮಟ್ಟಿಗೆ ಟಿಸಿಪಿ ಎಂಬ ಸಭ್ಯ ಕ್ರಮದಲ್ಲಿ ನಡೆಯುತ್ತವೆ; ದಾರಿಯಲ್ಲಿ ಪ್ಯಾಕೆಟ್ಟು ಬಿದ್ದುದು ತಿಳಿದೊಡನೆ ಕಳಿಸುವವನು ತನ್ನ ವೇಗವನ್ನು ತಗ್ಗಿಸಿ, ಬಿದ್ದುದನ್ನು ಮತ್ತೆ ಕಳಿಸುತ್ತಾನೆ. ಮಲ್ಟಿಕಾಸ್ಟಿಗೆ ಸಾಮಾನ್ಯವಾಗಿ ಈ ಸಂಕೋಚವಿಲ್ಲ. ಸಾವಿರ ಕೇಳುಗರೂ ಒಟ್ಟಿಗೆ ‘ಮುಟ್ಟಿತು, ಮುಟ್ಟಲಿಲ್ಲ’ ಎಂದು ಕೂಗಿದರೆ ಹೇಳುವವನೇ ಆ ಗದ್ದಲದಲ್ಲಿ ಮುಳುಗುವನಾದ್ದರಿಂದ ಅವನು ಕಿವಿ ಮುಚ್ಚಿಕೊಂಡೇ ಹೇಳುತ್ತಾ ಹೋಗುತ್ತಾನೆ. ಸಭ್ಯನು ಸರಿದು ನಿಂತಷ್ಟೂ ಸದ್ದಿನವನು ಜಾಗವನ್ನು ಹಿಡಿಯುತ್ತಾನೆ. ಇದು ನಮ್ಮ ಬಸ್ ನಿಲ್ದಾಣಗಳಲ್ಲಿಯೂ ಕಾಣುವ ದೃಶ್ಯವೇ. ಆದಕಾರಣ ಪ್ರತಿ ಬಾಗಿಲಿನಲ್ಲಿಯೂ ಬೇರೆ ಬೇರೆ ಸಾಲುಗಳನ್ನು ಮಾಡಿ, ಇಷ್ಟು ಪಾಲು ಪಾಠಕ್ಕೆ, ಇಷ್ಟು ಪಾಲು ಉಳಿದವರಿಗೆ ಎಂದು ಮೊದಲೇ ಗೊತ್ತುಮಾಡಬೇಕಾಗುತ್ತದೆ.

ಬಿದ್ದುಹೋಗುವ ಪ್ಯಾಕೆಟ್ಟುಗಳೆಲ್ಲ ಒಂದೇ ತೂಕದವೂ ಅಲ್ಲ. ಹೊನ್ನಾಳಿಯಾಚೆಯ ಸಾಲಿನಲ್ಲಿ ಒಂದು ಬಿದ್ದರೆ ನ್ಯಾಮತಿಗೆ ಮಾತ್ರ ನಷ್ಟ. ದಾವಣಗೆರೆಗೆ ಬರುವ ಮೊದಲೇ ಬಿದ್ದರೆ ನಾಲ್ಕು ಊರುಗಳಲ್ಲಿಯೂ ಅದೇ ಪದ ನುಂಗಿಹೋಗುತ್ತದೆ. ಯಂತ್ರಗಳನ್ನು ಕೊಳ್ಳುವವರು ಕೊನೆಯ ತಂತಿಯ ವೇಗವನ್ನಷ್ಟೇ ವಿಚಾರಿಸಿ ಮೇಲಿನ ಕವಲುಗಳ ಸಾಲುಗಳನ್ನು ಮರೆಯುವುದು ನನಗೆ ಅವಿವೇಕವೆಂದು ತೋರುತ್ತದೆ.

ಇಷ್ಟು ಮಿತವ್ಯಯದ ಉಪಾಯ ಎಲ್ಲೆಡೆಯೂ ನಡೆಯುತ್ತಿರಬೇಕಲ್ಲವೇ? ಇಲ್ಲ. ಮುಂಬಯಿಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ತನ್ನ ಬೆಲೆಗಳನ್ನು ದಲ್ಲಾಳಿಗಳಿಗೆ ಹೀಗೆ ಮುಟ್ಟಿಸುತ್ತದೆ. ಆದರೆ ಸಾರ್ವಜನಿಕ ಅಂತರಜಾಲದಲ್ಲಿ ಒಂದು ಸಂಸ್ಥೆಯ ಕವಲುಗಳನ್ನು ಇನ್ನೊಂದು ಸಂಸ್ಥೆ ತನ್ನ ನೆನಪಿನಲ್ಲಿಟ್ಟುಕೊಂಡು, ಯಾರ ಖರ್ಚಿನಲ್ಲಿ ಪ್ರತಿ ಮಾಡಬೇಕೆಂಬ ವ್ಯಾಜ್ಯ ತೀರಲಿಲ್ಲ. ಕ್ರಿಕೆಟ್ ಪಂದ್ಯವನ್ನು ಜಗಳೂರಿನ ಫೋನುಗಳಲ್ಲಿ ನೋಡುವವರಿಗೆ ಅದು ಸಾಮಾನ್ಯವಾಗಿ ಇಂದಿಗೂ ಕೊಡದ ನೀರೇ. ಕೊಡ ತುಂಬುವ ಉಗ್ರಾಣವನ್ನು ತುಸು ಹತ್ತಿರಕ್ಕೆ ತಂದಿದ್ದಾರೆ, ಅಷ್ಟೆ.

ನಮ್ಮ ಪಾಠದ ಕತೆಯನ್ನು ಮುಗಿಸಬೇಕು. ನ್ಯಾಮತಿಯ ಕಡೆಯ ವಿದ್ಯಾರ್ಥಿ ಹೇಳದೆ ಎದ್ದುಹೋದನೆನ್ನಿ. ಅಲ್ಲಿನ ರೌಟರು ವಾಡಿಕೆಯಂತೆ 125 ಸೆಕೆಂಡಿಗೊಮ್ಮೆ ‘ಯಾರಾದರೂ ಇದ್ದೀರಾ?’ ಎಂದು ಕೇಳುತ್ತದೆ. ನಾಲ್ಕು ನಿಮಿಷಗಳ ಮೇಲೂ ಉತ್ತರವಿಲ್ಲದಿದ್ದರೆ ಹೊನ್ನಾಳಿಗೆ ಸಾಕೆಂದು ತಿಳಿಸುತ್ತದೆ. ಹೊನ್ನಾಳಿಯು ಆ ಕವಲಿನ ತೂಬನ್ನು ಇಳಿಸುತ್ತದೆ. ದಾವಣಗೆರೆಯಲ್ಲಿ ಪಾಠ ಹೇಳುತ್ತಿರುವವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ.