ಅರಿಶಿನ, ಚಳಿಜ್ವರ ಮತ್ತು ಪದ್ಮನಾಭನ್ ಅವರ ಪ್ರಶ್ನೆ

ಚಳಿಜ್ವರದವರ ಬೆರಳ ತುದಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಸ್ಲೈಡಿಗೆ ಬಳಿದು, ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣದೊಳಗೆ ಸಣ್ಣ ಉಂಗುರ ಕಾಣುತ್ತದೆ. ಅದು ಎಳೆಯ ಮಲೇರಿಯಾ ರೋಗಾಣು. ಬೆಳೆಯುತ್ತ ಹೋದಂತೆ ಅದರೊಳಗೆ ಕಂದುಗಪ್ಪು ಕಣಗಳು ಕೂಡಿಕೊಳ್ಳುತ್ತವೆ. ನಮ್ಮ ಹಿಮೋಗ್ಲೋಬಿನ್ ತಿಂದು ಅದು ಉಳಿಸಿದ ಕಸ ಇದು, ಹೆಸರು ಹಿಮೊಜೊಯಿನ್. ಹಿಮೋಗ್ಲೋಬಿನ್ನಿನ ಪ್ರೋಟೀನು ಅದಕ್ಕೆ ಊಟ, ಕಬ್ಬಿಣ ಹೊತ್ತ ಹೀಮ್ ಮಾತ್ರ ವಿಷ. ಆ ವಿಷವನ್ನು ಹರಳುಗಟ್ಟಿಸಿ ಬದಿಗಿಟ್ಟುಕೊಂಡೇ ಅದು ಬದುಕುತ್ತದೆ. ಹರಳುಗಟ್ಟಲು ಬಿಡದೆ ಕೊಲ್ಲುವುದು ಕ್ಲೋರೋಕ್ವಿನ್ ಮಾತ್ರೆಯ ಕೆಲಸ.

ಇಷ್ಟು ಹೀಮ್ ನಡುವೆ ಇದ್ದೂ ಈ ಜೀವಿ ತನ್ನದೇ ಹೀಮ್ ತಯಾರಿಸಿಕೊಳ್ಳುತ್ತದೆ, ಹೊಳೆಯಲ್ಲಿ ನಿಂತವನು ಬಾವಿ ತೋಡಿದ ಹಾಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ 1992ರಲ್ಲಿ ಇದನ್ನು ಪ್ರಕಟಿಸಿದರು. ಏಕೆ ಹೀಗೆ ಎಂಬ ಪ್ರಶ್ನೆಯನ್ನು ಪದ್ಮನಾಭನ್ ಮುಂದಿನ ಮೂರು ದಶಕ ಬಿಡಲಿಲ್ಲ. ಅವರ ಬಗ್ಗೆ ಬರೆಯಬೇಕೆನಿಸಿದ್ದೂ ಅದಕ್ಕೇ.

ಹುಟ್ಟಿದ್ದು 1938ರಲ್ಲಿ, ಮದರಾಸಿನಲ್ಲಿ. ಅಲ್ಲಿ ರಸಾಯನಶಾಸ್ತ್ರದ ಪದವಿ, ದೆಹಲಿಯಲ್ಲಿ ಮಣ್ಣಿನ ರಸಾಯನಶಾಸ್ತ್ರ, ಆಮೇಲೆ ಬೆಂಗಳೂರಿನವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಇದೇ ವಿಜ್ಞಾನ ಸಂಸ್ಥೆಯಲ್ಲಿ 1966ರಲ್ಲಿ ಪಿಎಚ್.ಡಿ. 1994ರಿಂದ 98ರವರೆಗೆ ಅಲ್ಲಿಯೇ ನಿರ್ದೇಶಕರು, 2003ರಲ್ಲಿ ಪದ್ಮಭೂಷಣ. ಮೊದಲ ವರ್ಷಗಳಲ್ಲಿ ಅವರು ಯಕೃತ್ತಿನ ಜೀನುಗಳು ಹೇಗೆ ಕೆಲಸ ಮಾಡುತ್ತವೆ, ಅದರಲ್ಲಿ ಹೀಮ್‌ನ ಪಾತ್ರವೇನು ಎಂದು ನೋಡುತ್ತಿದ್ದರು. ಹಾಗಾಗಿ ಮಲೇರಿಯಾ ಕೈಗೆತ್ತಿಕೊಂಡಾಗ ಹೀಮ್ ಅವರಿಗೆ ಹಳೆಯ ಪರಿಚಯ.

ಆ ಹೊತ್ತಿಗೆ ಕ್ಲೋರೋಕ್ವಿನ್ ಸೋಲುತ್ತಿತ್ತು. ಅದಕ್ಕೆ ಬಗ್ಗದ ರೋಗಾಣು ಭಾರತದಲ್ಲಿ ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ. ಹೊಸ ಔಷಧ ಬೇಕೆಂದರೆ ರೋಗಾಣುವಿಗೆ ನೋಯುವ ಹೊಸ ಜಾಗ ಬೇಕು. ಹೀಮ್ ತಯಾರಿಕೆಯೇ ಆ ಜಾಗ ಎಂದು ಪದ್ಮನಾಭನ್ ನಂಬಿದ್ದರು. ತಯಾರಿಕೆಗೆ ಬೇಕಾದ ಕಿಣ್ವವೊಂದನ್ನು ರೋಗಾಣು ನಮ್ಮ ರಕ್ತಕಣದಿಂದಲೇ ಒಳಗೆಳೆದುಕೊಳ್ಳುತ್ತದೆ ಎಂದು 2000ದಲ್ಲಿ ಅವರ ತಂಡ ವರದಿ ಮಾಡಿತು.

2013ರಲ್ಲಿ ಅದೇ ತಂಡ ಹೀಮ್ ತಯಾರಿಸುವ ಜೀನುಗಳನ್ನೇ ಕಿತ್ತುಹಾಕಿದ ಇಲಿ ಮಲೇರಿಯಾ ರೋಗಾಣುವನ್ನು ಸಿದ್ಧಪಡಿಸಿತು. ರಕ್ತದಲ್ಲಿ ಅದು ಸಾಯಲಿಲ್ಲ! ಇಲಿಯ ಹಿಮೋಗ್ಲೋಬಿನ್ನಿನ ಹೀಮ್‌ನಲ್ಲೇ ಅಲ್ಲಿ ಕಾಲ ಹಾಕಿತು. ಆದರೆ ಸೊಳ್ಳೆಯ ದೇಹದಲ್ಲೂ ಯಕೃತ್ತಿನಲ್ಲೂ ಅದರ ಬೆಳವಣಿಗೆ ನಿಂತಿತು. ಅಲ್ಲಿ ಕದಿಯಲು ಹಿಮೋಗ್ಲೋಬಿನ್ ಇಲ್ಲ. ಇಪ್ಪತ್ತು ವರ್ಷ ಹೊತ್ತು ತಿರುಗಿದ ನಂಬಿಕೆಯ ಅರ್ಧವನ್ನು ತಮ್ಮದೇ ಪ್ರಯೋಗಾಲಯದಿಂದ ತಿದ್ದಿ ಪ್ರಕಟಿಸುವುದು ದೊಡ್ಡ ಮಾತು. ಪದ್ಮಭೂಷಣಕ್ಕಿಂತ ಇದು ನನಗೆ ಹೆಚ್ಚು ಅನ್ನಿಸುತ್ತದೆ.

ಇನ್ನು ಅರಿಶಿನ. ಕ್ಲೋರೋಕ್ವಿನ್ ಬಿದ್ದ ಮೇಲೆ ಆಸರೆಯಾದದ್ದು ಚೀನಾದ ಗಿಡವೊಂದರಿಂದ ಬಂದ ಆರ್ಟಿಮಿಸಿನಿನ್. ರೋಗಾಣುಗಳನ್ನು ಬಲು ಬೇಗ ಬಡಿಯುತ್ತದೆ, ಅಷ್ಟೇ ಬೇಗ ಮೈಯಿಂದ ಇಳಿದೂ ಹೋಗುತ್ತದೆ. ಅಳಿದುಳಿದವು ಮತ್ತೆ ತಲೆಯೆತ್ತುತ್ತವೆ. ಅದಕ್ಕೇ ಜೊತೆಗೆ ಇನ್ನೊಂದು ಔಷಧ ಕೊಡಲೇಬೇಕು. ರೋಗಾಣು ಆ ಜೊತೆಗಾರನಿಗೂ ಒಗ್ಗಿಕೊಂಡರೆ ಚಿಕಿತ್ಸೆಯೇ ಕೈಕೊಡುತ್ತದೆ. ಅರಿಶಿನದ ಹಳದಿ ಸತ್ವ ಕರ್ಕ್ಯುಮಿನ್ ಒಂದೇ ಕಡೆ ಅಲ್ಲ, ಹಲವು ಕಡೆ ಹೊಡೆಯುವುದರಿಂದ ಒಗ್ಗಿಕೊಳ್ಳುವುದು ಕಷ್ಟ ಎಂಬುದು ಪದ್ಮನಾಭನ್ ಮತ್ತು ಅವರ ಸಹೋದ್ಯೋಗಿ ಪಿ. ಎನ್. ರಂಗರಾಜನ್ ಅವರ ಲೆಕ್ಕಾಚಾರ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರ್ಟಿಮಿಸಿನಿನ್ ಕುಟುಂಬದ ಆರ್ಟಿಈಥರ್ ಒಂದು ಚುಚ್ಚುಮದ್ದು, ಬಾಯಿಯ ಮೂಲಕ ಮೂರು ಸಲ ಕರ್ಕ್ಯುಮಿನ್ ಪಡೆದ ಇಲಿಗಳು ಬದುಕುಳಿದವು. ಆರ್ಟಿಈಥರ್ ಒಂದನ್ನೇ ಪಡೆದವುಗಳಲ್ಲಿ ಸೋಂಕು ಮರಳಿತು. ಮಿದುಳಿಗೇರಿದ ಮಲೇರಿಯಾದಲ್ಲೂ ಈ ಜೋಡಿ ಇಲಿಗಳನ್ನು ಕಾಪಾಡಿತೆಂದು ಮುಂದೆ ತಿಳಿಯಿತು. ಹಾಗೆಂದು ಜ್ವರ ಬಂದಾಗ ಅರಿಶಿನದ ಹಾಲು ಕುಡಿದು ಯಾರೂ ಸುಮ್ಮನೆ ಮಲಗಬಾರದು. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ.

ಹಳೆಯ ಪ್ರಶ್ನೆಗೆ ಇನ್ನೊಂದು ಉತ್ತರ ಬಂದದ್ದು 2022ರಲ್ಲಿ, ಪದ್ಮನಾಭನ್ ಅವರಿಗೆ 84 ವರ್ಷವಾಗಿದ್ದಾಗ, ಭುವನೇಶ್ವರದಲ್ಲಿರುವ ವಿ. ಅರುಣ್ ನಾಗರಾಜ್ ಅವರ ತಂಡದ ಜೊತೆಯಲ್ಲಿ. ರೋಗಾಣು ತಾನೇ ತಯಾರಿಸಿಕೊಂಡ ಹೀಮ್ ಕೂಡ ಆ ಕಂದುಗಪ್ಪು ಕಣಗಳಿಗೆ ಸೇರುತ್ತದೆ, ಮಿದುಳಿನ ಮಲೇರಿಯಾವನ್ನು ಉಲ್ಬಣಿಸುತ್ತದೆ. ಆ ತಯಾರಿಕೆಯನ್ನು ಗ್ರಿಸಿಯೋಫುಲ್ವಿನ್ ತಡೆಯಿತು, ಇಲಿಗಳು ಪಾರಾದವು. ಹುಳುಕಡ್ಡಿಗೆ ಚರ್ಮದ ಡಾಕ್ಟರು ದಶಕಗಳಿಂದ ಬರೆದುಕೊಡುತ್ತಿರುವ ಅಗ್ಗದ ಮಾತ್ರೆ ಅದು.

ಅರಿಶಿನವೂ ಹಳೆಯದು, ಹುಳುಕಡ್ಡಿಯ ಮಾತ್ರೆಯೂ ಹಳೆಯದು. ಇಂಥವುಗಳಲ್ಲಿ ಕಂಪನಿಗಳಿಗೆ ದೊಡ್ಡ ಲಾಭವಿಲ್ಲ. ಇಲಿಯಿಂದ ಮನುಷ್ಯರವರೆಗಿನ ದುಬಾರಿ ದಾರಿಗೆ ಸರ್ಕಾರವೇ ಹಣ ಹಾಕಬೇಕು. ಮಿದುಳಿಗೆ ಮಲೇರಿಯಾ ಏರಿ ಪ್ರಜ್ಞೆ ತಪ್ಪಿದ ಮಗುವಿಗೆ ಇವತ್ತು ಆರ್ಟಿಮಿಸಿನಿನ್ ಕುಟುಂಬದ್ದೇ ಆದ ಆರ್ಟಿಸುನೇಟ್ ಚುಚ್ಚುತ್ತಾರೆ. ಅದು ರೋಗಾಣುವನ್ನು ಕೊಲ್ಲುತ್ತದೆ. ಮಿದುಳನ್ನು ಉಳಿಸಲು ಅದರ ಜೊತೆ ಕೊಡುವ ಔಷಧ ಇನ್ನೂ ಬಂದಿಲ್ಲ.