ವೇಷ, ಮಾರುವೇಷ, ಆಯುಧ: ಕ್ಯಾಟ್‌ವುಮನ್ ಪಾತ್ರದ ಉಡುಪಿನ ವಿಕಾಸ

ಕನ್ನಡದಲ್ಲಿ 'ವೇಷ' ಎಂಬ ಪದಕ್ಕೆ ಕನಿಷ್ಠ ಮೂರು ಅರ್ಥಚ್ಛಾಯೆಗಳಿವೆ. 'ವೇಷಭೂಷಣ' ಎಂದಾಗ ಅದು ಉಡುಪು. 'ವೇಷ ಮರೆಸಿಕೊಂಡು' ಎಂದಾಗ ಅದು ಗುರುತನ್ನು ಅಡಗಿಸುವ ಉಪಾಯ. ಯಕ್ಷಗಾನದ ಪರಿಭಾಷೆಯಲ್ಲಿ 'ಬಣ್ಣದ ವೇಷ', 'ಸ್ತ್ರೀವೇಷ' ಎಂದಾಗ ಅದು ಪಾತ್ರವೇ ಆಗಿರುತ್ತದೆ. ಈ ಮೂರೂ ಅರ್ಥಗಳು ಒಂದೇ ಪದದಲ್ಲಿ ಕೂಡಿಕೊಂಡಿರುವುದು ಆಧುನಿಕ ಜನಪ್ರಿಯ ಸಂಸ್ಕೃತಿಯ ಅಧ್ಯಯನಕ್ಕೆ ಉಪಯುಕ್ತವಾದ ಸಾಧನವೊಂದನ್ನು ಒದಗಿಸುತ್ತದೆ. ಅಮೆರಿಕದ ಚಿತ್ರಕಥಾ ಪ್ರಪಂಚದ ಪ್ರಸಿದ್ಧ ಪ್ರತಿನಾಯಿಕೆಯಾದ ಕ್ಯಾಟ್‌ವುಮನ್ ಎಂಬ ಪಾತ್ರದ ಉಡುಪು ಮತ್ತು ಸಲಕರಣೆಗಳು 1940ರಿಂದ ಈಚೆಗೆ ಪಡೆದ ರೂಪಾಂತರಗಳನ್ನು ಈ ಪದದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರಕಥೆಯ ಪ್ರಕಾರ ಕನ್ನಡಕ್ಕೆ ಅಪರಿಚಿತವಲ್ಲ. 'ಅಮರ ಚಿತ್ರಕಥೆ' ಮಾಲೆಯ ಮೊದಲ ಸಂಚಿಕೆಗಳು 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿಯೇ ಹೊರಬಂದವು. ಆದರೂ ನಮ್ಮ ವಿಮರ್ಶೆ ಚಿತ್ರಕಥೆಯನ್ನು ಮಕ್ಕಳ ಓದು ಎಂದು ಬದಿಗಿರಿಸಿದ್ದೇ ಹೆಚ್ಚು. ಪಾತ್ರದ ಮಾತನ್ನು ಕುರಿತು ನಡೆದಷ್ಟು ಚರ್ಚೆ ಪಾತ್ರ ತೊಟ್ಟ ಬಟ್ಟೆಯನ್ನು ಕುರಿತು ನಡೆದಿಲ್ಲ. ಚಿತ್ರಕಥೆಯಲ್ಲಾದರೋ ಬಟ್ಟೆಯೇ ಮೊದಲ ಮಾತು.

'ಪ್ರತಿನಾಯಿಕೆ' ಎಂಬ ಪದವನ್ನು ಇಲ್ಲಿ ವಿಶಿಷ್ಟಾರ್ಥದಲ್ಲಿ ಬಳಸಲಾಗಿದೆ. ಕಾವ್ಯಮೀಮಾಂಸೆಯ ಪ್ರತಿನಾಯಕ ನಾಯಕನಿಗೆ ಎದುರಾಳಿ. ಕ್ಯಾಟ್‌ವುಮನ್ ಬ್ಯಾಟ್‌ಮನ್‌ಗೆ ಎದುರಾಳಿಯೂ ಹೌದು, ಪ್ರೇಯಸಿಯೂ ಹೌದು. ಕಳ್ಳತನ ಅವಳ ಕಸುಬು. ಆದರೂ ಓದುಗರ ಸಹಾನುಭೂತಿ ಅವಳ ಕಡೆಗೇ ವಾಲುತ್ತದೆ. ನಾಗಚಂದ್ರನ ರಾವಣನನ್ನು ಓದಿದ ಕನ್ನಡಿಗರಿಗೆ ಇಂಥ ದ್ವಂದ್ವ ಹೊಸದಲ್ಲ. ಆದರೆ ಇಲ್ಲಿ ಅದು ಹೆಣ್ಣಿನ ಪಾತ್ರದಲ್ಲಿದೆ ಮತ್ತು ಬಟ್ಟೆಯ ಮೂಲಕ ವ್ಯಕ್ತವಾಗಿದೆ.

ಮರೆಸುವ ವೇಷ

ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಈ ಪಾತ್ರ 1940ರ 'ಬ್ಯಾಟ್‌ಮನ್' ಮೊದಲ ಸಂಚಿಕೆಯಲ್ಲಿ 'ದಿ ಕ್ಯಾಟ್' ಎಂಬ ಹೆಸರಿನಿಂದ ಪ್ರವೇಶಿಸಿತು. ಗಮನಿಸಬೇಕಾದ ಅಂಶವೆಂದರೆ, ಆಗ ಅವಳಿಗೆ ಬೆಕ್ಕಿನ ಉಡುಪೇ ಇರಲಿಲ್ಲ. ವಿಹಾರನೌಕೆಯೊಂದರಲ್ಲಿ ಆಕೆ ಮುದುಕಿಯ ವೇಷ ಹಾಕಿಕೊಂಡು ಕಂಠಹಾರವನ್ನು ಕದಿಯುತ್ತಾಳೆ. ಕದ್ದ ಹಾರವನ್ನು ಕಾಲಿಗೆ ಸುತ್ತಿದ ಪಟ್ಟಿಯೊಳಗೆ ಅಡಗಿಸುತ್ತಾಳೆ. ಉಳುಕಿದ ಕಾಲಿನ ಪಟ್ಟಿಯೇ ಅವಳ ಮೊದಲ ಸಲಕರಣೆ. ಸಮಾಜ ಯಾರನ್ನು ಅನುಮಾನಿಸುವುದಿಲ್ಲವೋ ಆ ರೂಪವನ್ನು ತಾಳುವುದೇ ಇಲ್ಲಿನ ತಂತ್ರ. ಇದು ಕೇವಲ ಮಾರುವೇಷ.

ಅದೇ ವರ್ಷದ ಮೂರನೆಯ ಸಂಚಿಕೆಯಲ್ಲಿ ಆಕೆ ಇಡೀ ತಲೆಯನ್ನು ಮುಚ್ಚುವ, ರೋಮವುಳ್ಳ ಬೆಕ್ಕಿನ ಮುಖವಾಡ ಧರಿಸಿದಳು. ಮರೆಸುವ ವೇಷ ಸಾರುವ ವೇಷವಾಗತೊಡಗಿದ್ದು ಇಲ್ಲಿ. 1940ರ ದಶಕದ ಮಧ್ಯಭಾಗದ ಹೊತ್ತಿಗೆ ನೇರಳೆ ಬಣ್ಣದ ಉದ್ದನೆಯ ಉಡುಪು, ಹಸಿರು ಮೇಲಂಗಿ, ಬೆಕ್ಕಿನ ಕಿವಿಗಳಿರುವ ಶಿರಸ್ತ್ರಾಣ ಸ್ಥಿರವಾದವು. ಕೈಗೆ ಚಾವಟಿ ಬಂತು. ಚಾವಟಿ ಕಳ್ಳರ ಸಲಕರಣೆಯಲ್ಲ. ಅದು ಬೀಗ ತೆರೆಯುವುದಿಲ್ಲ, ಸದ್ದು ಮಾಡದೆ ಕೆಲಸ ಮುಗಿಸುವುದೂ ಇಲ್ಲ. ಅದು ಸ್ವಭಾವವನ್ನು ಘೋಷಿಸುವ ಆಯುಧ.

ನಿಷೇಧ ಮತ್ತು ಮರಳುವಿಕೆ

ಈ ಘೋಷಣೆಗೆ ಬೆಲೆ ತೆರಬೇಕಾಯಿತು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತವೆ ಎಂದು ವಾದಿಸಿದ ತಮ್ಮ ಗ್ರಂಥದಲ್ಲಿ ಕ್ಯಾಟ್‌ವುಮನ್‌ಳ ಕ್ರೌರ್ಯವನ್ನೂ ಚಾವಟಿಯನ್ನೂ ಪ್ರಸ್ತಾಪಿಸಿದರು. ಅದೇ ವರ್ಷ ಪ್ರಕಾಶಕರು ತಾವೇ ರೂಪಿಸಿಕೊಂಡ ಸಂಹಿತೆ ಜಾರಿಗೆ ಬಂತು. ಅಪರಾಧಿಗಳನ್ನು ಆಕರ್ಷಕವಾಗಿ ತೋರಿಸಕೂಡದು, ಸ್ತ್ರೀಯರ ದೇಹವನ್ನು ಉತ್ಪ್ರೇಕ್ಷಿಸಿ ಚಿತ್ರಿಸಕೂಡದು ಎಂಬ ನಿಬಂಧನೆಗಳು ಅದರಲ್ಲಿದ್ದವು. ಆಕರ್ಷಣೆ ಮತ್ತು ಅಪರಾಧ ಎರಡೂ ಕೂಡಿದ್ದರಿಂದಲೇ ಈ ಪಾತ್ರ ಹುಟ್ಟಿತ್ತು. ಒಂದನ್ನು ಕಳೆದರೆ ಇನ್ನೊಂದು ಉಳಿಯುವಂತಿರಲಿಲ್ಲ. 1954ರ ಸೆಪ್ಟೆಂಬರ್ ಸಂಚಿಕೆಯ ಬಳಿಕ 1966ರವರೆಗೆ, ಸುಮಾರು ಹನ್ನೆರಡು ವರ್ಷ, ಹೊಸ ಕಥೆಗಳಲ್ಲಿ ಆಕೆ ಕಾಣಿಸಿಕೊಳ್ಳಲಿಲ್ಲ.

ಅವಳನ್ನು ಮರಳಿ ತಂದದ್ದು ದೂರದರ್ಶನ. 1966ರ ಧಾರಾವಾಹಿಯಲ್ಲಿ ಜೂಲಿ ನ್ಯೂಮಾರ್ ಮೈಗಂಟುವ, ಮಿರುಗುವ ಕಪ್ಪು ಉಡುಪಿನಲ್ಲಿ ಕಾಣಿಸಿಕೊಂಡರು. 1967ರಲ್ಲಿ ಅರ್ಥಾ ಕಿಟ್ ಎಂಬ ಕಪ್ಪು ಜನಾಂಗದ ನಟಿ ಅದೇ ಉಡುಪನ್ನು ಧರಿಸಿದರು. ನೇರಳೆ ನಿಲುವಂಗಿ ಹೋಗಿ ದೇಹದ ರೇಖೆಯೇ ಉಡುಪಾಯಿತು. ಕಪ್ಪು ಬಣ್ಣ ಈ ಪಾತ್ರಕ್ಕೆ ಅಂಟಿಕೊಂಡದ್ದು ಚಿತ್ರಕಥೆಯಿಂದಲ್ಲ, ನಟಿಯರಿಂದ.

ಹೊಲಿದುಕೊಂಡ ವೇಷ

ಮೂರನೆಯ ಘಟ್ಟ 1987ರ 'ಬ್ಯಾಟ್‌ಮನ್: ಇಯರ್ ಒನ್' ಕೃತಿಯಿಂದ ಆರಂಭವಾಗುತ್ತದೆ. ಫ್ರ್ಯಾಂಕ್ ಮಿಲ್ಲರ್ ಬರೆದು ಡೇವಿಡ್ ಮಜ್ಜುಕೆಲ್ಲಿ ಚಿತ್ರಿಸಿದ ಈ ಕಥೆಯಲ್ಲಿ ಸೆಲಿನಾ ಕೈಲ್ ನಗರದ ಬಡ ಬೀದಿಯ ಲೈಂಗಿಕ ಕಾರ್ಯಕರ್ತೆ. ಮೀಸೆ, ಬಾಲಗಳಿರುವ ಬೂದು ಬಣ್ಣದ ಉಡುಪು ಆ ಬದುಕಿನಿಂದ ಹೊರಬೀಳುವ ದಾರಿಯಾಗುತ್ತದೆ. ಶ್ರೀಮಂತರ ನೌಕೆಯಲ್ಲಿ ಹುಟ್ಟಿದ ಪಾತ್ರಕ್ಕೆ ಈಗ ವರ್ಗದ ನೆಲೆಯೊಂದು ದೊರಕಿತು.

1992ರ ಟಿಮ್ ಬರ್ಟನ್ ನಿರ್ದೇಶನದ 'ಬ್ಯಾಟ್‌ಮನ್ ರಿಟರ್ನ್ಸ್' ಚಲನಚಿತ್ರ ಇದನ್ನು ಮತ್ತೂ ಮುಂದಕ್ಕೆ ಒಯ್ಯಿತು. ಮಿಷೆಲ್ ಫೈಫರ್ ಅಭಿನಯಿಸಿದ ಸೆಲಿನಾ ಒಬ್ಬ ಕಾರ್ಯದರ್ಶಿ. ಧಣಿಯ ಗುಟ್ಟನ್ನು ಅರಿತ ತಪ್ಪಿಗೆ ಆತನೇ ಅವಳನ್ನು ಕಿಟಕಿಯಿಂದ ನೂಕುತ್ತಾನೆ. ಬದುಕಿ ಮನೆಗೆ ಮರಳಿದ ಆಕೆ ತನ್ನ ಕಪ್ಪು ಕೋಟನ್ನು ಕತ್ತರಿಸಿ ವೇಷವನ್ನು ತಾನೇ ಹೊಲಿಯುತ್ತಾಳೆ. ಉಗುರುಗಳನ್ನೂ ಹೊಲಿಗೆಯ ಸಾಮಾನುಗಳಿಂದಲೇ ಮಾಡಿಕೊಳ್ಳುತ್ತಾಳೆ. ಗೃಹಕೃತ್ಯದ ಸೂಜಿ ಇಲ್ಲಿ ಆಯುಧವಾಗಿದೆ. ಬಿಳಿಯ ಹೊಲಿಗೆಗಳು ಹೊರಗೆ ಕಾಣುತ್ತವೆ. ಕಥೆ ಸಾಗಿದಂತೆ ಅವು ಬಿಚ್ಚಿಕೊಳ್ಳುತ್ತವೆ, ಅವಳ ಮನಸ್ಸೂ ಬಿರಿಯುತ್ತದೆ. ವೇಷವೇ ಪಾತ್ರವಾಗುವ ಮೂರನೆಯ ಅರ್ಥ ಈ ಕೃತಿಯಲ್ಲಿ ಪೂರ್ಣವಾಗಿ ಸಿದ್ಧಿಸಿದೆ.

ದುಡಿಮೆಯ ಉಡುಪು

ಆದರೆ ವಿಕಾಸ ನೇರ ರೇಖೆಯಲ್ಲಿ ಸಾಗಲಿಲ್ಲ. 1993ರಲ್ಲಿ ಆರಂಭವಾದ ಸ್ವತಂತ್ರ ಮಾಲಿಕೆಯಲ್ಲಿ ಚಿತ್ರಕಾರ ಜಿಮ್ ಬ್ಯಾಲೆಂಟ್ ಮೈಗಂಟಿದ ನೇರಳೆ ಉಡುಪು, ತೊಡೆಯವರೆಗಿನ ಕಪ್ಪು ಬೂಟು, ಉದ್ದ ಕೂದಲು ಕೊಟ್ಟು ದೇಹವನ್ನೇ ಮುನ್ನೆಲೆಗೆ ತಂದರು. ಇದಕ್ಕೆ ಉತ್ತರವೆಂಬಂತೆ 2001-02ರಲ್ಲಿ ಲೇಖಕ ಎಡ್ ಬ್ರೂಬೇಕರ್ ಮತ್ತು ಚಿತ್ರಕಾರ ಡಾರ್ವಿನ್ ಕುಕ್ ಹೊಸ ರೂಪ ನೀಡಿದರು: ಮುಂಭಾಗದಲ್ಲಿ ಜಿಪ್ ಇರುವ ಕಪ್ಪು ಚರ್ಮದ ಉಡುಪು, ಎತ್ತರದ ಹಿಮ್ಮಡಿಯಿಲ್ಲದ ಬೂಟು, ಕತ್ತರಿಸಿದ ಕೂದಲು, ಕಣ್ಣಿಗೆ ದೊಡ್ಡ ಕನ್ನಡಕ. ಈ ವೇಷ ತೊಟ್ಟು ಮಾಡು ಹತ್ತಬಹುದು, ಓಡಬಹುದು. ಕಳ್ಳತನವನ್ನು ಕಸುಬೆಂದು ಗಂಭೀರವಾಗಿ ಪರಿಗಣಿಸಿದಾಗ ಮಾತ್ರ ಹುಟ್ಟಬಲ್ಲ ಉಡುಪು ಇದು.

ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸ್‌ನಂತಹ ಕಾರ್ಮಿಕ ಬಡಾವಣೆಗಳನ್ನು ಬಲ್ಲವರಿಗೆ ಈ ಭೇದ ಸುಲಭವಾಗಿ ಅರ್ಥವಾದೀತು. ಹೆಲ್ಮೆಟ್, ತಲೆದೀಪ, ದಪ್ಪ ಬೂಟು ನೋಡುವವರಿಗಾಗಿ ಇದ್ದವಲ್ಲ. ಅವು ಕತ್ತಲಲ್ಲಿ ಇಳಿದು ಜೀವಂತ ಮೇಲೆ ಬರುವುದಕ್ಕಾಗಿ ಇದ್ದವು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವೇ ವಸ್ತುಗಳು ನೆನಪಿನ ಗುರುತುಗಳಾದವು. ಕೆಲಸಕ್ಕಾಗಿ ತೊಟ್ಟ ಉಡುಪು ಮತ್ತು ನೋಟಕ್ಕಾಗಿ ತೊಡಿಸಿದ ಉಡುಪು ಬೇರೆ ಬೇರೆ ಎಂಬ ಈ ಸರಳ ವಿವೇಕವೇ ಕುಕ್ ಅವರ ರೇಖೆಗಳ ಹಿಂದೆಯೂ ಇದೆ.

ಮುಂದಿನ ರೂಪಗಳು ಈ ಎರಡು ತುದಿಗಳ ನಡುವೆ ಚಲಿಸಿವೆ. 2012ರ 'ದಿ ಡಾರ್ಕ್ ನೈಟ್ ರೈಸಸ್' ಚಿತ್ರದಲ್ಲಿ ಆನ್ ಹ್ಯಾಥವೇ ಧರಿಸಿದ ಕನ್ನಡಕವನ್ನು ಮೇಲಕ್ಕೆತ್ತಿದಾಗ ಅದೇ ಬೆಕ್ಕಿನ ಕಿವಿಗಳಾಗಿ ಕಾಣುತ್ತದೆ. ಅಲಂಕಾರವೂ ಉಪಕರಣವೂ ಒಂದೇ ವಸ್ತುವಿನಲ್ಲಿ ಸೇರಿದವು. 2018ರಲ್ಲಿ ಜೋಯೆಲ್ ಜೋನ್ಸ್ ಎಂಬ ಮಹಿಳೆ ಹೊಸ ಮಾಲಿಕೆಯನ್ನು ತಾವೇ ಬರೆದು ಚಿತ್ರಿಸಿದರು. 2022ರ 'ದಿ ಬ್ಯಾಟ್‌ಮನ್' ಚಿತ್ರದಲ್ಲಿ ಜೋಯಿ ಕ್ರಾವಿಟ್ಜ್ ಧರಿಸಿದ್ದು ಸಾದಾ ಮುಸುಕು. ಅದರ ತುದಿಗಳಷ್ಟೇ ಕಿವಿಯಂತೆ ಕಾಣುತ್ತವೆ. ಮರೆಸುವ ವೇಷಕ್ಕೆ ಪಾತ್ರ ಮತ್ತೆ ಸಮೀಪಿಸಿದೆ.

ನಮ್ಮ ರಂಗದ ಸಾಕ್ಷ್ಯ

ಇಲ್ಲಿ ತೆಂಕುತಿಟ್ಟು ಯಕ್ಷಗಾನದ ಶೂರ್ಪನಖಿಯನ್ನು ನೆನೆಯುವುದು ಉಚಿತ. ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬನದೆಂದು ಸಂಪ್ರದಾಯ ಹೇಳುವ 'ಪಂಚವಟಿ' ಪ್ರಸಂಗವನ್ನು ಆಡುವಾಗ ಈ ಒಂದು ಪಾತ್ರಕ್ಕೆ ಎರಡು ವೇಷಗಳಿರುತ್ತವೆ. ಘೋರ ಶೂರ್ಪನಖಿ ಹೆಣ್ಣುಬಣ್ಣ. ಅಬ್ಬರದ ಪ್ರವೇಶ, ಮುಖದ ತುಂಬ ಬಣ್ಣಗಾರಿಕೆ ಅದರ ಲಕ್ಷಣ. ರಾಮನೆದುರು ಬರುವ ಮಾಯಾ ಶೂರ್ಪನಖಿ ಚೆಲುವಾದ ಸ್ತ್ರೀವೇಷ. ಸಾಮಾನ್ಯವಾಗಿ ಇಬ್ಬರು ಕಲಾವಿದರು ಇವನ್ನು ನಿರ್ವಹಿಸುತ್ತಾರೆ. ಭಯವನ್ನೂ ಬಯಕೆಯನ್ನೂ ಒಟ್ಟಿಗೆ ಹುಟ್ಟಿಸುವ ಹೆಣ್ಣನ್ನು ನಮ್ಮ ರಂಗಭೂಮಿ ಎರಡು ವೇಷಗಳಾಗಿ ಹಂಚಿತು. ಅಮೆರಿಕದ ಚಿತ್ರಕಥೆ ಎರಡನ್ನೂ ಒಂದೇ ದೇಹದಲ್ಲಿ ಇರಿಸಿತು. ಹಾಗಾಗಿ ಆ ದ್ವಂದ್ವದ ಭಾರವನ್ನೆಲ್ಲ ಒಂದೇ ಉಡುಪು ಹೊರಬೇಕಾಯಿತು. ಕ್ಯಾಟ್‌ವುಮನ್‌ಳ ಉಡುಪು ಮತ್ತೆ ಮತ್ತೆ ಬದಲಾಗುತ್ತ ಬಂದುದಕ್ಕೆ ಮುಖ್ಯ ಕಾರಣ ಇದೇ ಎಂದು ತೋರುತ್ತದೆ.

ಒಟ್ಟಿನಲ್ಲಿ, ಈ ರೂಪಾಂತರಗಳನ್ನು ಬರಿಯ ಫ್ಯಾಶನ್ನಿನ ಬದಲಾವಣೆ ಎಂದು ನೋಡುವುದು ಸಾಲದು. ವೇಷ ಏನನ್ನು ಮರೆಸುತ್ತದೆ, ಏನನ್ನು ಸಾರುತ್ತದೆ, ಯಾವ ಕೆಲಸಕ್ಕೆ ಒದಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಆಯಾ ಕಾಲ ಕೊಟ್ಟ ಉತ್ತರಗಳು ಇವು. ಕಾನೂನಿನ ಹೊರಗೆ ನಿಂತ ಹೆಣ್ಣಿಗೆ ಕಥೆಯ ನಡುವೆ ಎಷ್ಟು ಜಾಗ ಕೊಡಬಹುದು ಎಂಬ ಹಿಂಜರಿಕೆಯೂ ಅವುಗಳಲ್ಲಿ ದಾಖಲಾಗಿದೆ. ಇದೇ ಪ್ರಶ್ನೆಗಳನ್ನು ಕನ್ನಡದ ಬಯಲಾಟ, ವೃತ್ತಿರಂಗಭೂಮಿ, ಚಲನಚಿತ್ರಗಳ ಖಳನಾಯಕಿಯರಿಗೂ ಕೇಳಬೇಕಾಗಿದೆ. ಅದಕ್ಕೆ ಬೇಕಾದ ಪರಿಭಾಷೆಯನ್ನು ಹೊರಗಿನಿಂದ ತರಬೇಕಾಗಿಲ್ಲ. 'ವೇಷ' ಎಂಬ ಪದ ನಮ್ಮಲ್ಲಿಯೇ ಇದೆ.